ಪಕ್ಕದ ಗಾಲಿಗಳು

ಕೊಲ್ಹಾಪುರ
೧೨ ಜನವರಿ ೨೦೨೫

ವಿಶಾಖಾ,

ಜೈಭೀಮ್. ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನನ್ನ ಹಳೆಯ ಫೋನ್ ನಂಬರ್ ಹೋಯಿತು, ಹೊಸದನ್ನು ಯಾರಿಗೂ ಕೊಟ್ಟಿಲ್ಲ. ಕೊಟ್ಟರೂ ಏನು ಪ್ರಯೋಜನ? ಫೋನ್ ಹಚ್ಚಿದರೆ ನಾವಿಬ್ಬರೂ ಎರಡು ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಅಪ್ಪ ತೀರಿಕೊಂಡ ವರ್ಷ ಹಾಗೇ ಆಯಿತು, ಆಮೇಲೆ ಮಾತೇ ನಿಂತಿತು. ಟಪಾಲಿನ ಕರೆಪ್ಪನ ಮಕ್ಕಳು ನಾವು, ಕಾಗದ ಬರೆದುಕೊಂಡರೆ ಯಾರೂ ನಗಲಿಕ್ಕಿಲ್ಲ ಎಂದು ಕುಳಿತಿದ್ದೇನೆ. ಅಕ್ಷರ ಸೊಟ್ಟ ಬಂದರೆ ಮಲಗಿಕೊಂಡು ಬರೆದಿದ್ದಾನೆ ಎಂದು ತಿಳಿ. ಸೋಮಾರಿತನ ಹೋಗಿಲ್ಲ.

ಫೌಂಡ್ರಿಯ ಕೆಲಸ ನಡೆದಿದೆ. ಕಾಖಂಡಕಿಯ ಶಿವಶರಣಪ್ಪ ನನ್ನ ಕೋಣೆಯಲ್ಲೇ ಇದ್ದಾನೆ, ಅವನೇ ರೊಟ್ಟಿ ಮಾಡುತ್ತಾನೆ. ಅವನ ರೊಟ್ಟಿಯ ಮೇಲೆ ಯಾವ ಜಿಲ್ಲೆಯ ನಕಾಶೆ ಬೇಕಾದರೂ ಸಿಗುತ್ತದೆ. ಅವ್ವಗೆ ಓದಿ ಹೇಳುವಾಗ ನಾನು ಆರಾಮ ಇದ್ದೇನೆ ಎನ್ನುವುದನ್ನು ಎರಡು ಸಲ ಓದು.

ಒಂದು ಕೆಲಸ ಆಗಬೇಕಿತ್ತು. ಅಪ್ಪನ ರಾಜದೂತ್ ಮೋಟರ್ ಸೈಕಲ್ ಇನ್ನೂ ಬೇವಿನ ಗಿಡದ ಕೆಳಗೆ ಇದೆಯೇ? ಇದ್ದರೆ ರಿಪೇರಿ ಮಾಡಿಸಿಡು. ಬಣ್ಣಗಿಣ್ಣ ನಿನಗೆ ಬಿಟ್ಟಿದ್ದು. ಆದರೆ ಗಾಡಿ ಮೊದಲಿನ ಹಾಗೆ ಆಗಬೇಕು. ಬುದ್ಧ ಪೂರ್ಣಿಮೆಗೆ ಊರಿಗೆ ಬರಬೇಕೆಂದಿದ್ದೇನೆ. ಆಮೇಲೆ ಅದನ್ನು ನಾನೇ ಓಡಿಸುತ್ತೇನೆ.

ಯಾಕೆ ಎಂದು ಕೇಳಬೇಡ.

ಅಜಿತ

*

ಬಬಲೇಶ್ವರ
೨೪ ಜನವರಿ ೨೦೨೫

ಅಣ್ಣಾ,

ಯಾಕೆ ಎಂದು ಕೇಳಬೇಡ ಎಂದು ಬರೆದರೆ ಕೇಳದೆ ಇರುವವಳು ನಾನೇನು? ಆದರೆ ಈ ಸಲ ಕೇಳುವುದಿಲ್ಲ. ನನಗೆ ಅರ್ಥವಾಯಿತು.

ರೇವಪ್ಪ ಕಾಕಾ ಕಾಗದ ತಂದುಕೊಟ್ಟರು. ಅಪ್ಪನ ಜಾಗಕ್ಕೆ ಬಂದ ಮೇಲೆ ಅವರು ನಮ್ಮ ಮನೆಗೆ ತಂದ ಮೊದಲ ಟಪಾಲು ಇದು. "ಅಜಿತಂದು ಐತಿ ಬೇ, ಕೈಬರಹ ನೋಡಿದ ಕೂಡಲೇ ಗುರ್ತ ಹಿಡದ್ನಿ" ಎಂದು ಹೇಳಿ ಚಹಾ ಕುಡಿಯದೆ ಹೋಗಲಿಲ್ಲ. ನಾನು ಅಂಗಳದಲ್ಲಿ ಕುಳಿತು ಅವ್ವಗೆ ಓದಿದೆ. ಆರಾಮ ಇದ್ದೇನೆ ಎನ್ನುವುದನ್ನು ಎರಡು ಸಲ ಓದಿದೆ. ಅವ್ವ ಸುಮ್ಮನಿರಲಿಲ್ಲ. "ಎರಡು ಸಲ ಆರಾಮ ಅದೀನಿ ಅನ್ನಾಂವ ಆರಾಮ ಇರಂಗಿಲ್ಲ. ಯಾರನ್ನರ ಕಟಗೊಂಡಾನೇನು ಕೇಳು" ಅಂದಳು. ಕೇಳಿದ್ದೇನೆ. ಉತ್ತರ ಕೊಡು.

ಗಾಡಿ ಅಲ್ಲೇ ಇದೆ. ಪೆಟ್ರೋಲ್ ಟಾಕಿಯ ಮೇಲೆ ಕೋಳಿ ಕೂಡುತ್ತದೆ. ನಾನು ಬ್ಯಾಟರಿ ಸ್ಕೂಟರ್ ತೆಗೆದುಕೊಂಡ ಮೇಲೆ ರಾಜದೂತನ್ನು ಮುಟ್ಟಿದವರು ಅಪ್ಪ ಒಬ್ಬರೇ. ಅವರು ಇರುವ ತನಕ ವಾರಕ್ಕೊಮ್ಮೆ ಒರೆಸುತ್ತಿದ್ದರು.

ನೀನು ಮೊದಲಿನ ಹಾಗೆ ಎಂದು ಬರೆದದ್ದನ್ನು ಓದಿ ಬಹಳ ಹೊತ್ತು ಹಾಳೆ ಹಿಡಿದು ಕುಳಿತಿದ್ದೆ. ಅಪ್ಪ ಆ ಗಾಡಿಯನ್ನು ನಿನಗೇ ಕೊಡುತ್ತೇನೆ ಎಂದಿದ್ದರು. ನೀನು ಐಟಿಐ ಮುಗಿಸಿ ಬರುವ ಹೊತ್ತಿಗೆ ನನಗೆ ತಿಕೋಟಾ ಹೈಸ್ಕೂಲಿನಲ್ಲಿ ಕ್ಲರ್ಕ್ ಕೆಲಸ ಸಿಕ್ಕಿತು. ನನ್ನ ಪೋಲಿಯೋ ಕಾಲಿಗೆ ಬಸ್ಸಿನ ಮೆಟ್ಟಿಲು ಆಗಿಬರಲಿಲ್ಲ. ಅಪ್ಪ ನಿನ್ನನ್ನು ಕೇಳದೆ ಗಾಡಿಯನ್ನು ತಿಕೋಟಾಕ್ಕೆ ಒಯ್ದು, ನನ್ನ ಗೆಳತಿ ನೂರಜಹಾನಳ ಅಪ್ಪನ ವೆಲ್ಡಿಂಗ್ ಅಂಗಡಿಯಲ್ಲಿ ತಾವೂ ಕೈಹಚ್ಚಿ, ಎರಡೂ ಪಕ್ಕಕ್ಕೆ ಗಾಲಿ ಕೂಡಿಸಿದರು. ಕಾಲಿನ ಬ್ರೇಕನ್ನು ಬಲಗೈಗೆ ತಂದರು. ನೀನು ಅಂಗಳದಲ್ಲಿ ನಿಂತು, "ಛಲೋ ಗಾಡೀನೂ ಕುಂಟ ಮಾಡಿದ್ರಿ" ಅಂದೆ. ಮರುವಾರ ಕೊಲ್ಹಾಪುರಕ್ಕೆ ಹೋದೆ. ನಾನು ಅದರ ಮೇಲೆ ಕುಳಿತು ವರ್ಷಗಟ್ಟಲೆ ಸಂಬಳ ತಂದೆ. ನಿನ್ನ ಗಾಡಿಯ ಮೇಲೆ ಕುಳಿತಿದ್ದೇನೆ ಎನ್ನುವುದು ಒಂದು ದಿನವೂ ಮರೆಯಲಿಲ್ಲ.

ಮೊದಲಿನ ಹಾಗೆಯೇ ಮಾಡಿಸುತ್ತೇನೆ. ಚಿಂತೆ ಬಿಡು.

ವಿಶಾಖಾ

*

ಕೊಲ್ಹಾಪುರ
೮ ಫೆಬ್ರವರಿ ೨೦೨೫

ವಿಶಾಖಾ,

ನನಗೆ ಅರ್ಥವಾಯಿತು ಎಂದು ಬರೆದೆಯಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಶಿವಶರಣಪ್ಪನ ಬಾಯಿ ಗಟ್ಟಿ ಇಲ್ಲ ಎಂದು ಮೊದಲೇ ಅನುಮಾನವಿತ್ತು. ಅವನ ಮನೆಯಾಕೆ ರಾಜೇಶ್ವರಿ ನಿನಗೆ ಸಂತೆಯಲ್ಲಿ ಸಿಗುತ್ತಾಳೆಂದು ಗೊತ್ತು. ಹೋಗಲಿ, ಒಳ್ಳೆಯದೇ ಆಯಿತು. ನಾನೇ ಬರೆಯಬೇಕಾಗಿದ್ದರೆ ಇನ್ನೊಂದು ವರ್ಷ ಬೇಕಾಗುತ್ತಿತ್ತು. ಆ ವಿಷಯವನ್ನು ಕಾಗದದಲ್ಲಿ ಎತ್ತಬೇಡ. ಅವ್ವಗಂತೂ ಈಗ ಬೇಡವೇ ಬೇಡ. ಬಂದ ಮೇಲೆ ನಾನೇ ಹೇಳುತ್ತೇನೆ.

ನಾನು ಅಂಗಳದಲ್ಲಿ ಆಡಿದ ಮಾತನ್ನು ನೀನು ಅಕ್ಷರ ಬಿಡದೆ ಬರೆದಿದ್ದೀಯ. ಅದಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ, ಬಿಟ್ಟಿದ್ದೇನೆ.

ಗಾಡಿಯ ಬಗ್ಗೆ ನೆನಪಾದದ್ದು ಹೇಳುತ್ತೇನೆ. ಅಪ್ಪ ಸೈಕಲ್ ಮೇಲೆ ಟಪಾಲು ಹಂಚುವಾಗ ಮಮದಾಪುರದ ಕೆಲವು ಮನೆಯವರು ಕಾಗದವನ್ನು ಕಟ್ಟೆಯ ಮೇಲೆ ಇಟ್ಟು ಹೋಗು ಅನ್ನುತ್ತಿದ್ದರು, ಕೈಯಿಂದ ತೆಗೆದುಕೊಳ್ಳುತ್ತಿರಲಿಲ್ಲ. ರಾಜದೂತ್ ಬಂದ ಮೇಲೆ ಅಪ್ಪ ಇಳಿಯುವುದನ್ನೇ ಬಿಟ್ಟರು. ರಸ್ತೆಯ ಮೇಲೆ ನಿಂತು ಹಾರ್ನ್ ಹೊಡೆಯುತ್ತಿದ್ದರು, ಅವರೇ ಎದ್ದು ಬಂದು ಕೈಯೊಡ್ಡಬೇಕಾಯಿತು. ನಾನು ಟಾಕಿಯ ಮೇಲೆ ಕುಳಿತು ನೋಡಿದ್ದೇನೆ. ಆ ಗಾಡಿ ನನಗೆ ಯಾಕೆ ಬೇಕಿತ್ತು ಎಂದರೆ ಅದಕ್ಕೇ ಬೇಕಿತ್ತು. ಈಗ ಬೇಕಾಗಿರುವುದು ಬೇರೆ ಕಾರಣಕ್ಕೆ. ಅದು ನಿನಗೆ ಗೊತ್ತೇ ಇದೆ.

ಯಾರನ್ನೂ ಕಟ್ಟಿಕೊಂಡಿಲ್ಲ ಎಂದು ಅವ್ವಗೆ ಹೇಳು. ನನ್ನನ್ನು ಯಾರು ಕಟ್ಟಿಕೊಳ್ಳುತ್ತಾರೆ!

ಅಜಿತ

*

ಬಬಲೇಶ್ವರ
೨ ಮಾರ್ಚ್ ೨೦೨೫

ಅಣ್ಣಾ,

ರಾಜೇಶ್ವರಿ ಸಿಕ್ಕು ಬಹಳ ದಿನವಾಯಿತು. ಕಾಖಂಡಕಿಯಿಂದ ಅವಳು ಈಗ ಸಂತೆಗೆ ಬರುತ್ತಿಲ್ಲ, ಅವಳ ಅತ್ತೆಗೆ ಆರಾಮಿಲ್ಲವಂತೆ. ಅವಳಿಂದ ಹೇಳಿಸಿಕೊಳ್ಳಬೇಕೇನು ನಾನು? ಒಡಹುಟ್ಟಿದವನ ಮನಸ್ಸು ಅಷ್ಟೂ ತಿಳಿಯದೇ?

ಅವ್ವಗೆ ಹೇಳಬೇಡ ಅಂದಿದ್ದೆ. ಹೇಳದೆ ಮಾಡುವುದು ಆಗಲಿಲ್ಲ. ಅವಳ ಕಣ್ಣ ಮುಂದೆಯೇ ಗಾಡಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ವಿಜಯಪುರಕ್ಕೆ ಒಯ್ದೆ. ಸ್ಟೇಷನ್ ರಸ್ತೆಯ ಸಂದಿಯಲ್ಲಿ ಸಂಗು ಎಂಬವನ ಗ್ಯಾರೇಜಿದೆ. ಹಳೆಯ ಗಾಡಿಗಳನ್ನು ಹೊಸದಾಗಿ ಮಾಡಿ ಫೋನಿನಲ್ಲಿ ವಿಡಿಯೋ ಬಿಡುವುದು ಅವನ ಹುಚ್ಚು. ನಮ್ಮ ರಾಜದೂತನ್ನು ಸುತ್ತುಹಾಕಿ ನೋಡಿ, "ಅಕ್ಕಾರ, ಈ ಗಾಡಿ ಮ್ಯಾಲ ಬಹಳ ಜುಲುಮ್ ಆಗೇತ್ರಿ. ನೀವು ಹ್ಞೂಂ ಅನ್ರಿ, ಕಂಪನಿಯಿಂದ ಹೊರಗ ಬಂದಂಗ ಮಾಡಿ ಕೊಡ್ತೇನಿ" ಅಂದ. ನಾನು ಹ್ಞೂಂ ಅಂದೆ. ಅವನು ಮತ್ತೊಮ್ಮೆ ಕೇಳಿದ, "ಖರೇನ ತೆಗೀಲೇನ್ರಿ?" ಮತ್ತೊಮ್ಮೆ ಹ್ಞೂಂ ಅಂದೆ.

ಏನೇನು ತೆಗೆಸಿದೆ ಎನ್ನುವುದನ್ನು ಈಗ ಹೇಳುವುದಿಲ್ಲ. ಮುಗಿದ ಮೇಲೆ ಫೋಟೋ ತೆಗೆಸಿ ಕಳಿಸುತ್ತೇನೆ. ಅವ್ವ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ರೊಟ್ಟಿ ಬಡಿದು ತಾಟಿನಲ್ಲಿ ಹಾಕಿ, ಗೋಡೆಗೆ ಹೇಳಿದ ಹಾಗೆ "ಉಣ್ಣು" ಅನ್ನುತ್ತಾಳೆ. ನಿನ್ನ ಕಾಗದ ಓದುವಾಗ ಮಾತ್ರ ಹತ್ತಿರ ಬಂದು ಕುಳಿತಿದ್ದಳು. ನಾನು ಗಾಡಿಯ ಸಾಲುಗಳನ್ನು ಹಾರಿಸಿ ಓದಿದೆ. "ಇಷ್ಟ ಏನು? ಹಾಳಿ ಉದ್ದ ಕಾಣತೈತಿ" ಅಂದಳು.

ಇಲ್ಲಿ ತಿಕೋಟಾದ ಕಡೆಯೆಲ್ಲ ದ್ರಾಕ್ಷಿ ಕೊಯ್ಲು. ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗಿ ಮಣೂಕವಾಗುವ ವಾಸನೆ ಆಫೀಸಿನ ಫೈಲಿಗೂ ಹತ್ತಿದೆ. ನೀನು ಬರುವಾಗ ಒಂದು ಚೀಲ ತೆಗೆದಿಡುತ್ತೇನೆ.

ವಿಶಾಖಾ

*

ಕೊಲ್ಹಾಪುರ
೧೮ ಮಾರ್ಚ್ ೨೦೨೫

ವಿಶಾಖಾ,

ನಾನು ಕೋಣೆ ಬದಲಿಸಿದ್ದೇನೆ. ಮಾಲೀಕರು ಕೆಳಗಿನ ಕೋಣೆ ಕೊಟ್ಟರು. ಹಿಂದೆ ಮೇಲಿನ ಕೋಣೆಗೆ ಎರಡೆರಡು ಮೆಟ್ಟಿಲು ಹಾರಿ ಹೋಗುತ್ತಿದ್ದೆ, ಈಗ ಹೊಸ್ತಿಲು ಕೂಡ ಒಂದು ಮೆಟ್ಟಿಲೇ ಎಂದು ತಿಳಿದಿದೆ.

ಅವ್ವ ನಿನ್ನ ಜೊತೆ ಯಾಕೆ ಮಾತು ಬಿಟ್ಟಳೋ ತಿಳಿಯಲಿಲ್ಲ. ರಿಪೇರಿ ಮಾಡಿಸಿದ್ದಕ್ಕೆ ಯಾರಾದರೂ ಸಿಟ್ಟಾಗುತ್ತಾರೆಯೇ? ಬಣ್ಣ ಬದಲಿಸಿದ್ದಕ್ಕೆ ಇರಬೇಕು.

ಸಂಗುಗೆ ಒಂದು ಮಾತು ಹೇಳು. ಬಲಗೈಯ ಎರಡನೇ ಲಿವರ್ ಇದೆಯಲ್ಲ, ಹಿಂದಿನ ಬ್ರೇಕಿನದು, ಅದರ ತಂತಿ ಹೊಸದು ಹಾಕಿಸು. ಪಕ್ಕದ ಗಾಲಿಗಳ ಬೇರಿಂಗ್ ಹೋಗಿದ್ದರೆ ಅವನ್ನೂ ಬದಲಿಸಲಿ. ನನ್ನ ತೂಕ ನಿನಗಿಂತ ಬಹಳ ಜಾಸ್ತಿ, ತಗಡು ಬಾಗಬಾರದು.

ಇನ್ನೊಂದು ಕೇಳಬೇಕಿತ್ತು, ನಗಬೇಡ. ನಿನಗೆ ಮೊದಮೊದಲು ತೊಡೆ ಬಹಳ ನೋಯುತ್ತಿತ್ತೇ? ಎಲ್ಲ ಭಾರ ಒಂದೇ ಕಡೆ ಬೀಳುತ್ತದಲ್ಲ. ಆ ನೋವು ಎಷ್ಟು ದಿನಕ್ಕೆ ಹೋಗುತ್ತದೆ? ಒಂದೇ ಮನೆಯಲ್ಲಿ ಬೆಳೆದರೂ ಇದನ್ನು ನಿನಗೆ ಕೇಳಿರಲಿಲ್ಲ ನೋಡು.

ಅಜಿತ

*

ಬಬಲೇಶ್ವರ
೨೦ ಮಾರ್ಚ್ ೨೦೨೫

ಅಣ್ಣಾ,

ಗಾಡಿ ಮನೆಗೆ ಬಂತು!

ಫೋಟೋ ಇದರ ಜೊತೆಗಿದೆ, ಮಡಚಬೇಡ. ಕರಿ ಬಣ್ಣ, ಟಾಕಿಗೆ ಬಂಗಾರದ ಗೆರೆ, ಹ್ಯಾಂಡಲಿಗೆ ಹೊಸ ಹೊಳಪು. ನೀನು ಟಾಕಿಯ ಮೇಲೆ ಕುಳಿತು ಮಮದಾಪುರಕ್ಕೆ ಹೋಗುತ್ತಿದ್ದಾಗ ಹೇಗಿತ್ತೋ ಹಾಗೇ ಇದೆ. ಆ ಗಾಲಿಗಳು ಇಲ್ಲ, ಕೈಯ ಬ್ರೇಕಿಲ್ಲ, ತಗಡಿನ ತೇಪೆ ಒಂದೂ ಇಲ್ಲ. ಸಂಗು ಎಲ್ಲವನ್ನೂ ಕಟರಿನಿಂದ ಕಡಿದು ತೆಗೆದು, ಬೆಸುಗೆಯ ಗುರುತು ಕಾಣದಂತೆ ಉಜ್ಜಿದ್ದಾನೆ. ಕಡಿಯುವಾಗ ಕಿಡಿ ಹಾರುತ್ತಿದ್ದವು, ನಾನು ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಕಡಿದದ್ದನ್ನು ಮನೆಗೆ ತಂದಿದ್ದೆ. ಗುಜರಿಯವನ ಗಾಡಿ ಬಂದಾಗ ಎತ್ತಿ ಕೊಟ್ಟೆ. ಅವ್ವ ಒಂದು ಗಾಲಿ ಹಿಡಿದುಕೊಂಡು ಬಿಡಲೇ ಇಲ್ಲ. "ಇದು ನಿಮ್ಮಪ್ಪನ ಕೈ ಐತಿ, ಗುಜರಿ ಅಲ್ಲ" ಅಂದಳು. ನಾನೇ ಅವಳ ಬೆರಳು ಬಿಡಿಸಿದೆ. ಅದಕ್ಕೇ ಮಾತು ಬಿಟ್ಟದ್ದು. ಇದನ್ನು ಹಿಂದಿನ ಕಾಗದದಲ್ಲಿ ಮುಚ್ಚಿಟ್ಟಿದ್ದೆ.

ನೀನು ಬಂದು ಗಾಡಿ ಏರಿ ಹಾರ್ನ್ ಹೊಡೆದರೆ ಅವಳ ಸಿಟ್ಟು ತಾನೇ ಇಳಿಯುತ್ತದೆ. ಈಗ ಅದು ಕುಂಟ ಗಾಡಿಯಲ್ಲ. ನಿನ್ನ ಗಾಡಿ ನಿನಗೆ ಮುಟ್ಟಿಸಿದೆ. ನನ್ನ ತಲೆಯ ಮೇಲಿನ ಒಂದು ಭಾರ ಇಳಿಯಿತು, ಖರೇ ಹೇಳುತ್ತೇನೆ. ಪೂರ್ಣಿಮೆಗೆ ಬಾ. ತಪ್ಪಿಸಬೇಡ.

ವಿಶಾಖಾ

*

ಬಬಲೇಶ್ವರ
೨೭ ಮಾರ್ಚ್ ೨೦೨೫

ಅಣ್ಣಾ,

ನಿನ್ನ ಹದಿನೆಂಟನೇ ತಾರೀಖಿನ ಕಾಗದ ಇವತ್ತು ಬಂತು. ಅದಕ್ಕಿಂತ ಮುಂಚೆಯೇ ನನ್ನದು ಹೊರಟಿತ್ತು.

ಲಿವರ್ ಯಾಕೆ? ಗಾಲಿಗಳ ಬೇರಿಂಗ್ ಯಾಕೆ? ನಿನಗೆ ಅವು ಬೇಡವಾಗಿದ್ದವಲ್ಲ. ಮೊದಲಿನ ಹಾಗೆ ಅಂದರೆ ಅಪ್ಪ ಕೈ ಹಚ್ಚುವುದಕ್ಕೂ ಮೊದಲು ಎಂದಲ್ಲವೇ?

ತೊಡೆ ನೋಯುತ್ತಿತ್ತು. ಈಗಲೂ ನೋಯುತ್ತದೆ. ನೋವು ಹೋಗುವುದಿಲ್ಲ, ಅದರ ಜೊತೆಗೆ ರೂಢಿಯಾಗುತ್ತದೆ. ನೀನು ಕೇಳಿದ್ದು ಓದಿ ಮೊದಲು ಸಂತೋಷವಾಯಿತು. ಆಮೇಲೆ ಕಾಗದವನ್ನು ಮತ್ತೆ ಮೊದಲಿಂದ ಓದಿದೆ. ಯಾರ ತೊಡೆಯ ಮಾತು ಇದು? ಮರುಟಪಾಲಿಗೇ ಉತ್ತರ ಬರೆ.

ವಿಶಾಖಾ

*

ಕೊಲ್ಹಾಪುರ
೧೬ ಏಪ್ರಿಲ್ ೨೦೨೫

ವಿಶಾಖಾ,

ಫೋಟೋ ಬಂತು. ಬಹಳ ಚೆಂದ ಆಗಿದೆ. ಗೋಡೆಗೆ ಅಂಟಿಸಿದ್ದೇನೆ. ಶಿವಶರಣಪ್ಪ, "ಇದು ನಿಮ್ಮದ ಏನೋ, ಸಿನೆಮಾದಾಗಿನ ಗಾಡಿ ಕಂಡಂಗ ಕಾಣತೈತಲ್ಲೋ" ಅಂದ.

ಲಿವರಿನ ಮಾತು ಬಿಡು, ಸುಮ್ಮನೆ ಬರೆದಿದ್ದೆ. ತೊಡೆಯದೂ ಹಾಗೇ.

ಪೂರ್ಣಿಮೆಗೆ ಬರುವುದು ಆಗುವುದಿಲ್ಲ. ಆರ್ಡರ್ ಬಹಳ ಇದೆ, ರಜೆ ಕೊಡುವುದಿಲ್ಲವಂತೆ. ಮಳೆಗಾಲ ಮುಗಿದ ಮೇಲೆ ನೋಡೋಣ. ಗಾಡಿಗೆ ಬಿಸಿಲು ಹತ್ತದಂತೆ ಏನಾದರೂ ಹೊದಿಸಿಡು.

ಅವ್ವ ಮಾತಾಡಿದಳೇ?

ಅಜಿತ

*

ಬಬಲೇಶ್ವರ
೨೯ ಏಪ್ರಿಲ್ ೨೦೨೫

ಅಜಿತಣ್ಣಾ,

ಇವತ್ತು ಸಂತೆಯಲ್ಲಿ ರಾಜೇಶ್ವರಿ ಸಿಕ್ಕಳು. ಬದನೆಕಾಯಿ ಆರಿಸುತ್ತಾ ತಲೆ ಎತ್ತದೆ ಕೇಳಿದಳು. "ನಿಮ್ಮಣ್ಣಗ ಹೆಂಗದ ಈಗ? ಹೊಸಾ ಕಾಲು ಕೂಡ್ತೇನು?" ನಾನು ಯಾವ ಕಾಲು ಅಂದೆ. ಅವಳು ನನ್ನ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಎಲ್ಲ ಹೇಳಿದಳು. ದೀಪಾವಳಿ ಮುಗಿದ ವಾರ ಎರಕದ ಅಚ್ಚು ಜಾರಿ ಕಾಲ ಮೇಲೆ ಬಿದ್ದದ್ದು, ಹರಡಿನ ಮೇಲೆ, ಪಾದದ ಗಂಟು ಹೋಗುವ ಹಾಗೆ, ಕಾಲು ತೆಗೆದದ್ದು, ನೀನು ಶಿವಶರಣಪ್ಪನಿಂದ ಆಣೆ ಮಾಡಿಸಿಕೊಂಡದ್ದು. ನೀನು ಮಲಗಿಕೊಂಡು ಕಾಗದ ಬರೆದಾಗ ಸೋಮಾರಿ ಎಂದು ನಕ್ಕಿದ್ದೆನಲ್ಲ ನಾನು.

ಅವಳು ನಿನ್ನ ಹೊಸ ನಂಬರ್ ಕೊಟ್ಟಳು. ಒತ್ತಿ, ಗಂಟೆ ಹೋಗುವ ಮೊದಲೇ ನಿಲ್ಲಿಸಿದೆ. ಫೋನಿನಲ್ಲಾದರೆ ನಾನು ಬರೀ ಅಳುತ್ತೇನೆ, ಅವ್ವ ಒಳಗಿದ್ದಾಳೆ. ಇದನ್ನು ಅವಳಿಗೆ ಓದುವುದಿಲ್ಲ.

ಈಗ ನಿನ್ನ ಎಲ್ಲ ಕಾಗದಗಳನ್ನು ಮುಂದೆ ಹರವಿಕೊಂಡು ಕುಳಿತಿದ್ದೇನೆ. ಎಷ್ಟು ಸರಳವಾಗಿ ಬರೆದಿದ್ದೀಯ! ಕುರುಡಿಗೂ ಕಾಣಬೇಕಿತ್ತು. ನೀನು ಮೊದಲು ಎಂದದ್ದು ಅಪ್ಪ ಗಾಲಿ ಕೂಡಿಸಿದ ಮೇಲಿನ ಮೊದಲು. ನಾನು ಹಿಡಿದದ್ದು ಅದಕ್ಕೂ ಹಿಂದಿನ ಮೊದಲು. ನೀನು ಕಾಲಿಲ್ಲದವನು ಓಡಿಸುವ ಗಾಡಿ ಬೇಡಿದೆ. ನಾನು ಆ ಗಾಡಿಯ ಕಾಲನ್ನು ಕಡಿಸಿ ಬಣ್ಣ ಹಚ್ಚಿ ಫೋಟೋ ಕಳಿಸಿದೆ. ಅದನ್ನು ನೀನು ಗೋಡೆಗೆ ಅಂಟಿಸಿಕೊಂಡೆ. ಚೆಂದ ಆಗಿದೆ ಎಂದು ಬರೆಯುವಾಗ ನಿನಗೆ ಏನಾಗಿರಬೇಕು!

ನಿನ್ನ ಮೇಲೂ ಸಿಟ್ಟು ಬಂದಿದೆ. ಹೇಳಬಾರದಿತ್ತೇ? ಊರೆಲ್ಲ ಬಿಟ್ಟು ನನಗೆ ಮುಚ್ಚಿಡುವ ವಿಷಯವೇ ಇದು? ಆದರೆ ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ತಿರುಗಿ ನನ್ನ ಕಡೆಗೇ ಬರುತ್ತದೆ.

ಅಣ್ಣಾ, ಒಂದು ಖರೇ ಮಾತು ಹೇಳುತ್ತೇನೆ. ನಿನಗೋಸ್ಕರ ಕಡಿಸಿದೆ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಅದು ಪೂರ್ತಿ ಖರೇ ಅಲ್ಲ. ಆ ಗಾಲಿಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅವು ಅಂಗಳದಲ್ಲಿ ಇರುವ ತನಕ ನಾನು ಅಣ್ಣನ ಗಾಡಿ ಕಸಿದುಕೊಂಡವಳು, ಛಲೋ ಗಾಡಿಯನ್ನು ಕುಂಟ ಮಾಡಿಸಿದವಳು. ನೀನು ಮೊದಲಿನ ಹಾಗೆ ಎಂದ ಕೂಡಲೇ ಆ ಮಾತನ್ನು ನನಗೆ ಬೇಕಾದ ಕಡೆಗೆ ಎಳೆದುಕೊಂಡೆ. ಸಂಗು ಎರಡು ಸಲ ಕೇಳಿದ. ಅವ್ವ ಗಾಲಿ ಹಿಡಿದು ಬೇಡಿಕೊಂಡಳು. ಕಿಡಿ ಹಾರುವಾಗ ನನಗೆ ಖುಷಿಯಾಗಿತ್ತು. ಊರಿನಲ್ಲಿ ಆ ಗಾಲಿಗಳ ಬೆಲೆ ಗೊತ್ತಿದ್ದವಳು ನಾನೊಬ್ಬಳೇ, ಗುಜರಿಗೆ ಎತ್ತಿಕೊಟ್ಟವಳೂ ನಾನೇ.

ಸಂತೆಯಿಂದ ನೆಟ್ಟಗೆ ಗುಜರಿಯವನ ಹತ್ತಿರ ಹೋದೆ. "ಅದೆಲ್ಲ ಲಾರಿ ತುಂಬಿ ಹೋತ್ರಿ ಅಕ್ಕಾ" ಅಂದ. ಸಂಜೆ ತಿಕೋಟಾಕ್ಕೆ ಹೋಗಿ ನೂರಜಹಾನಳ ಅಪ್ಪನನ್ನು ಕಂಡೆ. ಈಗ ಅವರಿಗೆ ಕಣ್ಣು ಮಂಜು, ಅಳಿಯ ಅಂಗಡಿ ನಡೆಸುತ್ತಾನೆ. "ಕರೆಪ್ಪ ಮಾಡಿದ್ದು ಅದು. ನಾ ಬರೇ ಬೆಂಕಿ ಹಿಡದಿದ್ನಿ. ನಿನ್ನ ಕಾಲಿಗಿ ಹೊಂದುತನಾ ಎಷ್ಟ ಸಲ ಬಿಚ್ಚಿ ಕೂಡಿಸ್ದ ಅಂತೀ" ಅಂದರು. ಅದನ್ನು ನನಗೆ ಅಪ್ಪ ಎಂದೂ ಹೇಳಿರಲಿಲ್ಲ. ನಾನು ಅವರ ಅಂಗಡಿಯ ಬಾಗಿಲಲ್ಲೇ ಕುಳಿತು ಅತ್ತೆ.

ನನ್ನನ್ನು ಬೈದು ಬರೆ. ಚೆಂದ ಆಗಿದೆ ಎಂದು ಮಾತ್ರ ಇನ್ನೊಮ್ಮೆ ಬರೆಯಬೇಡ.

ವಿಶಾಖಾ

*

ಕೊಲ್ಹಾಪುರ
೯ ಮೇ ೨೦೨೫

ವಿಶಾಖಾ,

ಬೈಯುವುದಕ್ಕೆ ಕುಳಿತರೆ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ನೀನು ಅರ್ಥವಾಯಿತು ಎಂದು ಬರೆದಾಗ ಏನು ಅರ್ಥವಾಯಿತು ಎಂದು ಒಂದು ಸಾಲು ಕೇ‍ಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಬಾಯಿಬಿಟ್ಟು ಹೇಳದೆಯೇ ನಿನಗೆ ಗೊತ್ತಾಗಿಬಿಟ್ಟಿತು ಎಂದು ಖುಷಿಪಟ್ಟು ಸುಮ್ಮನಾದೆ. ತಪ್ಪು ನಿನ್ನದಲ್ಲ ಎಂದರೆ ನೀನು ನಂಬುವುದಿಲ್ಲ. ಅರ್ಧ ನಿನ್ನದು, ಅರ್ಧ ನನ್ನದು. ಚಿಕ್ಕಂದಿನಲ್ಲಿ ಬೆಲ್ಲ ಪಾಲು ಮಾಡಿಕೊಂಡ ಹಾಗೆ ಇದನ್ನೂ ಮಾಡಿಕೊಳ್ಳೋಣ.

ವಿಜಯಪುರದ ಗುಜರಿ ಕಬ್ಬಿಣ ಲಾರಿಗಟ್ಟಲೆ ಇಲ್ಲಿಯ ಭಟ್ಟಿಗಳಿಗೇ ಬರುತ್ತದೆ. ಅಪ್ಪನ ಗಾಲಿಗಳು ನಮ್ಮಲ್ಲೇ ಕರಗಿ ಯಾವುದೋ ಪಂಪಿನ ಹೊಟ್ಟೆಯಾಗಿರಬಹುದು. ಶಿವಶರಣಪ್ಪನಿಗೆ ಹೇಳಿದ್ದೇನೆ, ಗಾಲಿ ಕಂಡರೆ ಸಲಾಂ ಹೊಡೆ ಎಂದು. ನಗು ಬರದಿದ್ದರೆ ಬಿಡು. ನನಗೂ ಬರೆದ ಮೇಲೆ ಬರಲಿಲ್ಲ.

ರಜೆ ಇಲ್ಲ ಎಂದದ್ದು ಸುಳ್ಳು. ರಜೆಯೇ ರಜೆ. ಹೊಸ ಕಾಲು ಬಂದಿದೆ, ಅದರ ಮೇಲೆ ನಿಲ್ಲುವುದನ್ನು ಕಲಿಯುತ್ತಿದ್ದೇನೆ. ಗುಣವಾದ ಮೇಲೆ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದಿದ್ದಾರೆ. ಊರಿಗೆ ಬರಲು ನನಗೆ ಹೆದರಿಕೆ. ಊರಿನವರದಲ್ಲ. ಆ ಅಂಗಳದ್ದು. ಅಲ್ಲಿ ನಿಂತು ನಾನು ನಿನಗೆ ಕೇಳುವ ಹಾಗೆ ಆ ಮಾತು ಆಡಿದ್ದೆ. ಈಗ ಅದೇ ಅಂಗಳಕ್ಕೆ ಕುಂಟುತ್ತಾ ಬರಬೇಕು. ಪಕ್ಕದ ಗಾಲಿಯ ಗಾಡಿ ಏರಿ ನಿನ್ನ ಮುಂದೆ ಒಂದು ಸುತ್ತು ಹಾಕಿದರೆ, ಬೇರೆ ಏನೂ ಹೇಳದೆ ಆ ಮಾತು ತೀರುತ್ತದೆ ಎಂದುಕೊಂಡಿದ್ದೆ. ಗಾಡಿಯ ಹಿಂದೆ ಅಡಗಿಕೊಳ್ಳುವ ವಿಚಾರ ಅದು. ಗಾಡಿ ಹೋಯಿತು, ಒಳ್ಳೆಯದೇ ಆಯಿತೇನೋ. ಆ ಮಾತು ಆಡಬಾರದಿತ್ತು, ವಿಶಾಖಾ.

ಬೇರೆ ಹಾಳೆಯಲ್ಲಿ ಅವ್ವಗೆ ಬರೆದಿದ್ದೇನೆ. ನನ್ನ ಬಾಯಿಂದ ಹೇಳುವುದು ಆಗುವುದಿಲ್ಲ, ನಿನ್ನ ಬಾಯಿಂದ ಹೇಳು. ಇದನ್ನು ಹಾರಿಸದೆ ಓದು. ಅವಳು ಬಾ ಅಂದರೆ ಬರುತ್ತೇನೆ.

ಅಜಿತ

ಅವ್ವಾ,

ಇದನ್ನು ವಿಶಾಖಾ ಓದುತ್ತಿದ್ದಾಳೆ. ಹಿಂದಿನ ಕಾಗದಗಳಲ್ಲಿ ನಾನು ಆರಾಮ ಇದ್ದೇನೆ ಎಂದದ್ದು ಖರೇ ಅಲ್ಲ. ಕೆಲಸದಲ್ಲಿ ಕಬ್ಬಿಣದ ಅಚ್ಚು ಬಿದ್ದು ನನ್ನ ಕಾಲು ಹೋಯಿತು. ಗಾಯ ಮಾಯ್ದಿದೆ. ನಿನಗೆ ಹೇಳದೆ ಇದ್ದದ್ದು ತಪ್ಪು. ವಿಶಾಖಾ ಗಾಡಿಯ ಗಾಲಿ ಕಡಿಸಿದ್ದು ನನ್ನ ಕಾಗದ ಓದಿ, ನಾನು ಬಿಡಿಸಿ ಬರೆಯದೆ ಇದ್ದದ್ದಕ್ಕೆ. ಅವಳ ಜೊತೆ ಮಾತು ಬಿಡಬೇಡ.

ಅಜಿತ

*

ಬಬಲೇಶ್ವರ
೨೦ ಮೇ ೨೦೨೫

ಅಣ್ಣಾ,

ನಿನ್ನೆ ಓದಿದೆ. ಕಾಗದ ಬಂದು ನಾಲ್ಕು ದಿನ ಅದನ್ನು ಆಫೀಸ್ ಬ್ಯಾಗಿನಲ್ಲಿ ಹೊತ್ತು ತಿರುಗಿದೆ. ನಿನ್ನೆ ಅವ್ವ ಜೋಳ ಹಸನು ಮಾಡುತ್ತಾ ಅಂಗಳದಲ್ಲಿದ್ದಳು. ಇನ್ನೂ ನನ್ನ ಜೊತೆ ನೆಟ್ಟಗೆ ಮಾತಿಲ್ಲ. "ಅಣ್ಣನ ಕಾಗದ ಐತಿ" ಎಂದ ಕೂಡಲೇ ಮೊರ ಕೆಳಗಿಟ್ಟಳು. ನಾನು ಒಂದೇ ಉಸಿರಿಗೆ ಓದಿ ಮುಗಿಸಬೇಕೆಂದಿದ್ದೆ. ಕಾಲು ಹೋಯಿತು ಎನ್ನುವಲ್ಲಿ ಧ್ವನಿ ನಿಂತುಬಿಟ್ಟಿತು. ಆ ಸಾಲನ್ನು ಮತ್ತೆ ಮೊದಲಿಂದ ಓದಬೇಕಾಯಿತು. ಒಬ್ಬ ಮಗನ ಕಾಲು ಎರಡು ಸಲ ಹೋದ ಹಾಗಾಯಿತು.

ಅವ್ವ ಕೈಗೆ ಹತ್ತಿದ ಜೋಳದ ಹೊಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಯಾವ ಕಾಲು?"

"ಬಲಗಾಲು ಬೇ."

"ಎಲ್ಲೀತನಾ?"

"ಹರಡಿನ ಮ್ಯಾಗ."

ಅವಳು ನನ್ನ ಕಾಲಿನ ಕಡೆಗೆ ನೋಡಿದಳು, ಗಿಡದ ಕೆಳಗೆ ಹೊದಿಸಿಟ್ಟ ಗಾಡಿಯ ಕಡೆಗೆ ನೋಡಿದಳು. "ನಿಂದೂ ಬಲಗಾಲ. ಹಂಗಾರ ಇಬ್ರಿಗೂ ಒಂದ ಗಾಡಿ ಸಾಕಾಕ್ಕಿತ್ತು" ಅಂದಳು. ಅಷ್ಟು ಅಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಹತ್ತಿರ ಹೋಗಿ ಕುಳಿತೆ. ಗಾಲಿ ಕಡಿಸಿದ್ದಕ್ಕೆ ಈಗಲಾದರೂ ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ನನ್ನ ಬಲಗಾಲನ್ನು ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಚಿಕ್ಕವಳಿದ್ದಾಗ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳಲ್ಲ, ಹಾಗೆ ಸುಮ್ಮನೆ ತಿಕ್ಕುತ್ತಾ ಕುಳಿತಳು. ನಿನ್ನ ಕಾಲಿಗೆ ಸಲ್ಲಬೇಕಾದದ್ದು ನನಗೆ ಸಿಕ್ಕಿತು ಎನಿಸಿ ನನಗೆ ಅಳು ತಡೆಯಲಾಗಲಿಲ್ಲ.

ಕೊನೆಗೆ, "ಬಾ ಅಂತ ಬರಿ" ಅಂದಳು. "ಪೂರ್ಣಿಮಿ ಹೋತು ಅಂತ ಬರಿಬ್ಯಾಡ. ಪಾಯಸಾ ಯಾವಾಗ ಬೇಕಾದ್ರೂ ಮಾಡಾಕ ಬರತೈತಿ."

ಗಾಡಿಯ ಕೆಲಸ ಹಿಡಿದಿದ್ದೇನೆ. ಸಂಗುಗೆ ಫೋನ್ ಹಚ್ಚಿ ಮತ್ತೆ ಗಾಲಿ ಕೂಡಿಸಬೇಕು ಅಂದರೆ, "ಅಕ್ಕಾರ, ಅಷ್ಟು ಚೆಂದ ಮಾಡೇನಿ, ಈಗ ಕಡೀಲೇನ್ರಿ?" ಎಂದು ಅಳುವುದೊಂದು ಬಾಕಿ. ಅವನ ಕಡೆಗೆ ಒಯ್ಯುವುದಿಲ್ಲ, ತಿಕೋಟಾದ ಅಂಗಡಿಗೇ ಒಯ್ಯುತ್ತೇನೆ. ನೂರಜಹಾನಳ ಅಪ್ಪ ಪಕ್ಕದಲ್ಲಿ ಕುಳಿತು ಹೇಳುತ್ತಾರೆ, ಅಳಿಯ ಬೆಸುಗೆ ಹಾಕುತ್ತಾನೆ. ಅಪ್ಪ ಮಾಡಿದ್ದು ಇನ್ನು ಸಿಗುವುದಿಲ್ಲ. ಅದನ್ನು ಕಳೆದವಳು ನಾನು, ಅದು ನನ್ನ ಪಾಲಿಗೆ ಉಳಿಯುತ್ತದೆ, ನೀನು ಅರ್ಧ ತೆಗೆದುಕೊಂಡರೂ ಕಡಿಮೆಯಾಗುವುದಿಲ್ಲ. ಹೊಸದನ್ನು ಮಾಡಿಸಬೇಕಾದರೆ ನೀನೇ ಬೇಕು. ಗಾಲಿ ಎಷ್ಟು ಎತ್ತರ, ಲಿವರ್ ಎಷ್ಟು ದೂರ ಎನ್ನುವುದೆಲ್ಲ ನೀನು ಏರಿ ಕುಳಿತ ಮೇಲೆಯೇ ತಿಳಿಯುವುದು. ಹೊಂದುವ ತನಕ ಬಿಚ್ಚಿ ಕೂಡಿಸೋಣ.

ಜೂನ್ ಒಂದು, ಭಾನುವಾರ ಬಾ. ವಿಜಯಪುರದ ತನಕ ಹೋಗಬೇಡ, ತಿಕೋಟಾದಲ್ಲೇ ಇಳಿ. ನಾನು ಸ್ಕೂಟರ್ ತರುತ್ತೇನೆ. ಹಿಂದೆ ಕುಳಿತುಕೊಳ್ಳಬೇಕು, ತಕರಾರು ನಡೆಯುವುದಿಲ್ಲ.

ಬಸ್ಸಿನ ಮೆಟ್ಟಿಲಿನದು ಒಂದು ಮಾತು ಹೇಳಿಡುತ್ತೇನೆ, ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಿದ್ದು ಕಲಿತದ್ದು. ಹತ್ತುವಾಗ ಗಟ್ಟಿ ಕಾಲನ್ನು ಮೊದಲು ಇಡು. ಇಳಿಯುವಾಗ ಹಾಗೆ ಮಾಡಿದರೆ ಮುಗ್ಗರಿಸುತ್ತೀಯ. ಕಂಬಿ ಹಿಡಿದುಕೊಂಡು, ಹೊಸ ಕಾಲನ್ನೇ ಮೊದಲು ಕೆಳಗೆ ಬಿಡು. ಕಂಡಕ್ಟರ್ ಅವಸರ ಮಾಡಿದರೆ ಮಾಡಲಿ. ಬಾಗಿಲ ಕೆಳಗೆ ನಾನು ನಿಂತಿರುತ್ತೇನೆ, ನನ್ನ ಹೆಗಲು ಹಿಡಿದು ಇಳಿ.

ವಿಶಾಖಾ